ಅಪ್ಪನಿಗೆ ಅನ್ನನಾಳದಲ್ಲಿ ಗಡ್ಡೆ: ಎದೆ ತೆರೆದು ಮಾಡಿಸಬೇಕಾ, ತೂತು ಹಾಕಿ ಮಾಡಿಸಬೇಕಾ?

ಮುಂಡರಗಿ_ಮಗ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ಒಣಬೇಸಾಯದ ರೈತರು, ಮೊನ್ನೆ ಮೊನ್ನೆವರೆಗೂ ಹೊಲದ ಕೆಲಸ ಬಿಟ್ಟವರಲ್ಲ. ಕೆಲವು ತಿಂಗಳಿಂದ ಊಟ ಎದೆಯಲ್ಲಿ ನಿಲ್ಲುತ್ತದೆ ಅನ್ನುತ್ತಿದ್ದರು. ಮೊದಲು ಖಡಕ್ ರೊಟ್ಟಿ ನಿಲ್ಲುತ್ತಿತ್ತು, ಆಮೇಲೆ ಬಿಸಿ ರೊಟ್ಟಿ. ಈಗ ಅನ್ನವನ್ನೂ ನೀರು ಕುಡಿದು ಇಳಿಸಬೇಕು. ಊರಲ್ಲಿ ಗ್ಯಾಸ್ ಅಂತ ಗುಳಿಗೆ ಕೊಡುತ್ತಲೇ ಬಂದರು. ತೂಕ ತುಂಬಾ ಇಳಿದ ಮೇಲೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಎಂಡೋಸ್ಕೋಪಿ ಮಾಡಿಸಿದೆವು.

ಅನ್ನನಾಳದ ನಡುಭಾಗದಲ್ಲಿ ಗಡ್ಡೆ ಇದೆ. ಬಯಾಪ್ಸಿಯಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಅಂದರೆ ಒಳಪದರದ ಒಂದು ಜಾತಿಯ ಕ್ಯಾನ್ಸರ್ ಅಂತ ಬಂದಿದೆ. ಸಿಟಿ ಸ್ಕ್ಯಾನ್ ಪ್ರಕಾರ ಲಿವರ್‌ಗಾಗಲಿ ಶ್ವಾಸಕೋಶಕ್ಕಾಗಲಿ ಹರಡಿಲ್ಲ. ಮೊದಲು ಕೀಮೋ ಮತ್ತು ಕರೆಂಟ್ (ರೇಡಿಯೇಷನ್), ಆಮೇಲೆ ಆಪರೇಷನ್ ಅಂದಿದ್ದಾರೆ. ಒಬ್ಬ ಡಾಕ್ಟರ್ ಎದೆ ತೆರೆದು ಮಾಡುತ್ತೇವೆ ಅಂದರು. ಇನ್ನೊಬ್ಬರು ಕ್ಯಾಮೆರಾ ಹಾಕಿ ತೂತಿನಿಂದಲೇ ಮಾಡುತ್ತೇವೆ ಅಂದರು. ಮನೆಯಲ್ಲಿ ಎರಡು ಪಕ್ಷ ಆಗಿದೆ. ತೂತಿನಿಂದ ಗಡ್ಡೆ ಪೂರ್ತಿ ಬರಲ್ಲ ಅಂತ ದೊಡ್ಡಪ್ಪ ಹೇಳುತ್ತಾರೆ. ಎದೆ ಕೊಯ್ಯೋದೇ ಬೇಡ ಅಂತ ಅವ್ವ. ಅನುಭವ ಇದ್ದವರು ದಯವಿಟ್ಟು ಹೇಳಿ.

ರಾಣೆಬೆನ್ನೂರು_ಅಕ್ಕ

ತಮ್ಮಾ, ಧೈರ್ಯ ತಂದುಕೋ. ನಮ್ಮ ಯಜಮಾನರಿಗೂ ಇದೇ ಕಾಯಿಲೆ, ಇದೇ ಜಾಗ. ಎರಡು ವರ್ಷದ ಮೇಲಾಯಿತು, ಈಗ ಅಂಗಡಿಯಲ್ಲಿ ಕೂರುತ್ತಾರೆ. ಅವರಿಗೆ ತೂತು ಹಾಕಿಯೇ ಮಾಡಿದ್ದು.

ಒಂದು ಮಾತು ಮೊದಲೇ ಮನೆಯವರಿಗೆಲ್ಲ ಹೇಳಿಬಿಡು. ಇದನ್ನು ಅಪೆಂಡಿಕ್ಸ್, ಪಿತ್ತಕೋಶದ ಲ್ಯಾಪ್ರೋಸ್ಕೋಪಿ ಥರ ತಿಳಿಯಬಾರದು. ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದವರು ಸಂಜೆ ಹೊತ್ತಿಗೆ ಹೊರಗೆ ಬಂದರು. ಬಲಗಡೆ ಎದೆಗೆ ಕೆಲವು ತೂತು, ಹೊಟ್ಟೆಗೆ ಕೆಲವು ತೂತು, ಕುತ್ತಿಗೆಯ ಎಡಗಡೆ ಒಂದು ಗಾಯ. ಐಸಿಯುನಲ್ಲಿ ನೋಡಿದಾಗ ಮೂಗಿಗೆ, ಎದೆಗೆ, ಹೊಟ್ಟೆಗೆ ಎಲ್ಲಾ ಕಡೆ ಪೈಪು. ಚಿಕ್ಕ ಆಪರೇಷನ್ ಅಂತ ನಂಬಿ ಬಂದ ನಮ್ಮ ಅತ್ತೆ ಅದನ್ನು ನೋಡಿ ಕುಸಿದು ಕೂತರು. ಮೊದಲೇ ಗೊತ್ತಿದ್ದರೆ ಅಷ್ಟು ಗಾಬರಿ ಆಗುತ್ತಿರಲಿಲ್ಲ.

ಧಾರವಾಡ_ಸರ್ಜನ್

ಅಕ್ಕ ಹೇಳಿದ್ದು ಸರಿ. ನಾನು ಸರ್ಜರಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ತಂದೆಯವರ ಸ್ಕ್ಯಾನ್ ಕಣ್ಣಿಂದ ನೋಡದೆ ಅವರಿಗೆ ಇದೇ ಆಗಬೇಕು ಅನ್ನುವುದು ತಪ್ಪು. ಆದರೆ ಎರಡು ವಿಧಾನದಲ್ಲಿ ಏನು ಒಂದೇ, ಏನು ಬೇರೆ ಅನ್ನೋದನ್ನು ಬಿಡಿಸಿ ಹೇಳಬಲ್ಲೆ.

ಒಳಗೆ ಮಾಡುವ ಕೆಲಸ ಎರಡರಲ್ಲೂ ಒಂದೇ. ಅನ್ನನಾಳದ ಬಹುಭಾಗ ತೆಗೆಯಬೇಕು. ಕ್ಯಾನ್ಸರ್ ಹರಡಬಹುದಾದ ಸುತ್ತಲಿನ ಲಿಂಫ್ ಗಂಟುಗಳನ್ನೂ (ದುಗ್ಧಗ್ರಂಥಿ) ತೆಗೆಯಬೇಕು. ಆಮೇಲೆ ಊಟ ಇಳಿಯಲು ಹೊಸ ದಾರಿ ಬೇಕಲ್ಲ, ಅದಕ್ಕೆ ರೋಗಿಯ ಜಠರವನ್ನೇ ಬಳಸುತ್ತೇವೆ. ಜಠರದ ಒಂದು ಅಂಚನ್ನು ಸ್ಟೇಪ್ಲರ್‌ನಿಂದ ಕತ್ತರಿಸುತ್ತಾ ಹೊಲಿದು ಅಂಗಿಯ ತೋಳಿನ ಹಾಗೆ ಉದ್ದ ಮಾಡುತ್ತೇವೆ. ಅಗಲ ನಾಲ್ಕೈದು ಸೆಂಟಿಮೀಟರ್ ಇರುತ್ತದೆ. ಅದನ್ನು ಮೇಲಕ್ಕೆ ಎಳೆದು ಉಳಿದ ಅನ್ನನಾಳಕ್ಕೆ ಜೋಡಿಸುತ್ತೇವೆ. ಜೋಡಣೆ ಕುತ್ತಿಗೆಯಲ್ಲಿ ಆದರೆ ಮೆಕ್ಯೂನ್ ವಿಧಾನ, ಎದೆಯೊಳಗೆ ಆದರೆ ಐವರ್ ಲೂಯಿಸ್ ವಿಧಾನ. ನಡುಭಾಗದ ಗಡ್ಡೆಗೆ ಸಾಮಾನ್ಯವಾಗಿ ಕುತ್ತಿಗೆಯಲ್ಲೇ ಜೋಡಿಸುತ್ತಾರೆ.

ಬೇರೆ ಆಗೋದು ಒಳಗೆ ಹೋಗುವ ದಾರಿ. ಎದೆ ತೆರೆಯುವಾಗ ಪಕ್ಕೆಲುಬುಗಳ ನಡುವೆ ಉದ್ದಕ್ಕೆ ಕೊಯ್ದು ಅಗಲಿಸಬೇಕು. ಆ ನೋವಿಗೆ ರೋಗಿ ಆಮೇಲೆ ಜೋರಾಗಿ ಕೆಮ್ಮುವುದಿಲ್ಲ, ಉಸಿರು ಪೂರ್ತಿ ಎಳೆಯುವುದಿಲ್ಲ. ಕಫ ಒಳಗೇ ಉಳಿದು ನ್ಯುಮೋನಿಯಾ ಆಗುತ್ತದೆ. ಈ ಆಪರೇಷನ್ ಆದವರಲ್ಲಿ ನಮ್ಮ ದೊಡ್ಡ ಭಯ ಇದೇ. 2012ರಲ್ಲಿ ಯುರೋಪಿನ ಕೆಲವು ಆಸ್ಪತ್ರೆಗಳು ಸೇರಿ ಮಾಡಿದ ಟೈಮ್ ಅನ್ನುವ ಅಧ್ಯಯನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 115 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ದರು. ಮೊದಲ ಎರಡು ವಾರದಲ್ಲಿ ಶ್ವಾಸಕೋಶದ ಸೋಂಕು ಆದದ್ದು ಎದೆ ತೆರೆದವರಲ್ಲಿ 29%, ತೂತಿನ ಗುಂಪಿನಲ್ಲಿ 9%. 2019ರಲ್ಲಿ ಫ್ರಾನ್ಸಿನ ಮಿರೋ ಅಧ್ಯಯನ ಬಂತು. ಅದರಲ್ಲಿ ಹೊಟ್ಟೆಯ ಭಾಗ ಮಾತ್ರ ಲ್ಯಾಪ್ರೋಸ್ಕೋಪಿ, ಎದೆ ತೆರೆದೇ ಮಾಡಿದ್ದರು. ಅಷ್ಟಕ್ಕೇ ದೊಡ್ಡ ತೊಂದರೆಗಳು 64%ರಿಂದ 36%ಕ್ಕೆ ಇಳಿದವು.

ಇದರಲ್ಲಿ ನಮ್ಮ ಕಡೆಯವರ ಪಾಲೂ ಇದೆ. ರೋಗಿಯನ್ನು ಬೋರಲು ಮಲಗಿಸಿದರೆ ಶ್ವಾಸಕೋಶ ತನ್ನ ಭಾರಕ್ಕೆ ತಾನೇ ಮುಂದೆ ಜಾರುತ್ತದೆ, ಅನ್ನನಾಳ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಕೊಯಮತ್ತೂರಿನ ಡಾ. ಸಿ. ಪಳನಿವೇಲು ಅವರ ತಂಡ ಹೀಗೆ ಮಾಡಿದ 130 ರೋಗಿಗಳ ಅನುಭವವನ್ನು 2006ರಲ್ಲೇ ಪ್ರಕಟಿಸಿತು. ಬೇರೆ ದೇಶದವರೂ ಈ ಭಂಗಿಯನ್ನು ಬಳಸುತ್ತಾರೆ.

ಆದರೆ ಜೋಡಣೆ ಸೋರುವ ಭಯ ಎರಡರಲ್ಲೂ ಇದೆ. ಧ್ವನಿಪೆಟ್ಟಿಗೆಯ ನರಕ್ಕೆ ಪೆಟ್ಟಾಗಿ ದನಿ ಗೊಗ್ಗರಾಗುವ ಭಯವೂ ಇದೆ. ಹೊರಗಿನ ಗಾಯ ಚಿಕ್ಕದಾದ ಮಾತ್ರಕ್ಕೆ ಅವು ಕಡಿಮೆ ಆಗುವುದಿಲ್ಲ.

ಹಾವೇರಿ_ಕಾಕಾ

ಡಾಕ್ಟರ್ ಸಾಹೇಬ್ರೆ, ಗೌರವ ಇಟ್ಟುಕೊಂಡೇ ಕೇಳುತ್ತೇನೆ. ನನ್ನ ಅಣ್ಣನಿಗೆ ಹೊಟ್ಟೆಯ ಗಡ್ಡೆ ಇತ್ತು, ತೆರೆದು ಮಾಡಿದರು. ಸರ್ಜನ್ ಕೈ ಹಾಕಿ ಮುಟ್ಟಿ ನೋಡಿ, ಇಲ್ಲಿ ಗಟ್ಟಿ ಇದೆ, ಇಲ್ಲಿ ಇಲ್ಲ ಅಂತ ಬಿಡಿಸಿ ತೆಗೆದರಂತೆ. ಕ್ಯಾಮೆರಾದಲ್ಲಿ ಮುಟ್ಟಿ ನೋಡಲು ಆಗುತ್ತಾ? ಬೇರು ಒಳಗೇ ಉಳಿದರೆ ಚಿಕ್ಕ ಗಾಯ ಕಟ್ಟಿಕೊಂಡು ಏನು ಮಾಡೋದು? ಮತ್ತೆ ಅಷ್ಟು ದೊಡ್ಡ ಅಂಗ ಒಂದು ತೂತಿನಿಂದ ಹೇಗೆ ಹೊರಗೆ ಬರುತ್ತದೆ? ಹುಡುಗನ ದೊಡ್ಡಪ್ಪ ಕೇಳಿದ್ದೂ ಇದನ್ನೇ. ಸುಮ್ನೆ ವಾದಕ್ಕೆ ಹೇಳುತ್ತಿಲ್ಲ.

ಧಾರವಾಡ_ಸರ್ಜನ್

ಕಾಕಾ, ಈ ಪ್ರಶ್ನೆಯನ್ನು ಸರ್ಜನ್‌ಗಳೇ ವರ್ಷಗಟ್ಟಲೆ ಕೇಳಿಕೊಂಡಿದ್ದಾರೆ. ಕೈಯ ಸ್ಪರ್ಶ ಕಡಿಮೆ ಆಗೋದು ನಿಜ. ಅದರ ಬದಲು ಕ್ಯಾಮೆರಾ ಹತ್ತಿರದಿಂದ ದೊಡ್ಡದಾಗಿ ತೋರಿಸುತ್ತದೆ. ಎದೆಯ ಆಳದಲ್ಲಿ, ಶ್ವಾಸನಾಳದ ಹಿಂದೆ, ತೆರೆದ ಗಾಯದಿಂದ ನೋಡಿದರೂ ಅಷ್ಟು ಸ್ಪಷ್ಟ ಕಾಣುವುದಿಲ್ಲ.

ಅಂಗ ಹೊರಗೆ ಬರೋದು ಆ ಸಣ್ಣ ತೂತಿನಿಂದಲ್ಲ. ಒಳಗೆ ಎಲ್ಲ ಬಿಡಿಸಿದ ಮೇಲೆ ಕೊನೆಗೆ ಕೆಲವೇ ಸೆಂಟಿಮೀಟರ್ ಗಾಯ ಮಾಡಿ, ಗಡ್ಡೆ ಅಂಚಿಗೆ ತಾಗದ ಹಾಗೆ ಪ್ಲಾಸ್ಟಿಕ್ ಹೊದಿಕೆ ಇಟ್ಟು, ಇಡಿಯಾಗಿ ಹೊರತೆಗೆಯುತ್ತೇವೆ. ತುಂಡು ಮಾಡಿ ತೆಗೆಯುವುದಿಲ್ಲ.

ಬೇರು ಉಳಿಯುತ್ತಾ ಅನ್ನುವುದಕ್ಕೆ ಹೊಟ್ಟೆಯ (ಜಠರದ) ಕ್ಯಾನ್ಸರ್‌ನಲ್ಲಿ ಗಟ್ಟಿ ಲೆಕ್ಕ ಇದೆ. ಜಪಾನಿನಲ್ಲಿ 1991ರಲ್ಲಿ ಹೊಟ್ಟೆಯ ಕ್ಯಾನ್ಸರ್‌ಗೆ ಮೊದಲ ಲ್ಯಾಪ್ರೋಸ್ಕೋಪಿ ಆಯಿತು. ಆಮೇಲೆ ಕೊರಿಯಾದವರು ಆರಂಭದ ಹಂತದ 1,416 ರೋಗಿಗಳಲ್ಲಿ ಹೋಲಿಸಿದರು. ಐದು ವರ್ಷ ಬದುಕಿದವರು ಲ್ಯಾಪ್ರೋಸ್ಕೋಪಿಯಲ್ಲಿ 94.2%, ತೆರೆದದ್ದರಲ್ಲಿ 93.3%. ಮುಂದುವರಿದ ಹಂತದವರಲ್ಲಿ ಚೀನಾದವರು ಸಾವಿರಕ್ಕೂ ಹೆಚ್ಚು ಜನರಲ್ಲಿ ನೋಡಿದರು. ಮೂರು ವರ್ಷ ಕಾಯಿಲೆ ಮರಳದೆ ಇದ್ದವರು ಲ್ಯಾಪ್ರೋಸ್ಕೋಪಿಯಲ್ಲಿ 76.5%, ತೆರೆದದ್ದರಲ್ಲಿ 77.8%. ಸಮ ಅಂತಲೇ ಲೆಕ್ಕ. ಅನ್ನನಾಳದ ಟೈಮ್ ಅಧ್ಯಯನದಲ್ಲೂ ಮೂರು ವರ್ಷದ ಬಳಿಕ ತೂತಿನ ಗುಂಪು ಹಿಂದೆ ಬಿದ್ದಿರಲಿಲ್ಲ.

ಪೂರ್ತಿ ಬಂತೋ ಇಲ್ಲವೋ ಅಂತ ನೀವೇ ನೋಡಬಹುದು. ಆಪರೇಷನ್ ಆದಮೇಲೆ ತೆಗೆದ ಭಾಗವನ್ನು ಲ್ಯಾಬಿನಲ್ಲಿ ಪರೀಕ್ಷಿಸಿ ಕೊಡುವ ಪೆಥಾಲಜಿ ರಿಪೋರ್ಟ್ ಕೇಳಿ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ ಅಂತ ಬರೆದಿರಬೇಕು. ಎಷ್ಟು ಲಿಂಫ್ ಗಂಟು ಸಿಕ್ಕವು ಅಂತಲೂ ಇರುತ್ತದೆ. ಕಡಿಮೆ ಅಂದರೂ 15 ಸಿಗಬೇಕು ಅನ್ನೋದು ಪದ್ಧತಿ.

ಹಾವೇರಿ_ಕಾಕಾ

ರಿಪೋರ್ಟ್ ವಿಷಯ ಒಳ್ಳೆಯದು ಹೇಳಿದಿರಿ. ಆದರೂ ನನ್ನ ಒಂದು ಮಾತು ಉಳಿಯುತ್ತದೆ. ಆ ಲೆಕ್ಕ ಎಲ್ಲ ಪಳಗಿದವರ ಕೈಯದು. ನಮ್ಮ ಕಡೆ ಯಾರೋ ಈಗ ಕಲಿಯುತ್ತಿರುವವರು ಕ್ಯಾಮೆರಾ ಹಾಕಿದರೆ ಅದೇ ಲೆಕ್ಕ ಬರುತ್ತಾ?

ಧಾರವಾಡ_ಸರ್ಜನ್

ಬರುವುದಿಲ್ಲ ಕಾಕಾ. ಇಡೀ ಚರ್ಚೆಯಲ್ಲಿ ನನಗೆ ಮುಖ್ಯ ಅನ್ನಿಸೋದು ಇದೇ. ಯುರೋಪಿನ ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿದಾಗ, ತೂತಿನ ವಿಧಾನದಲ್ಲಿ ಸೋರಿಕೆ ಇಳಿದು ಒಂದು ಮಟ್ಟಕ್ಕೆ ನಿಲ್ಲಲು ನೂರಕ್ಕೂ ಜಾಸ್ತಿ ಆಪರೇಷನ್ ಬೇಕಾಯಿತು. ಆದ್ದರಿಂದ ಮುಂಡರಗಿಯ ತಮ್ಮಾ, ತೆರೆದು ಮಾಡುತ್ತೀರಾ ತೂತು ಹಾಕುತ್ತೀರಾ ಅಂತ ಮೊದಲು ಕೇಳಬೇಡಿ. ವರ್ಷಕ್ಕೆ ಎಷ್ಟು ಅನ್ನನಾಳದ ಆಪರೇಷನ್ ಮಾಡುತ್ತೀರಿ, ಎಷ್ಟು ಜನರಿಗೆ ಸೋರಿತು, ಸೋರಿದರೆ ನಡುರಾತ್ರಿಯಲ್ಲಿ ಎಂಡೋಸ್ಕೋಪಿ ಮಾಡುವವರು, ಸ್ಕ್ಯಾನ್ ನೋಡಿ ಡ್ರೈನ್ (ಸೋರಿದ್ದನ್ನು ಹೊರಗೆ ಹರಿಸುವ ಪೈಪು) ಹಾಕುವವರು, ಐಸಿಯು ತಜ್ಞರು ಅದೇ ಕಟ್ಟಡದಲ್ಲಿ ಇರುತ್ತಾರಾ? ಇದನ್ನು ಕೇಳಿ. ಒಳ್ಳೆಯ ಸರ್ಜನ್ ಬೇಜಾರು ಮಾಡಿಕೊಳ್ಳುವುದಿಲ್ಲ. ತೆರೆದ ವಿಧಾನದಲ್ಲಿ ಪಳಗಿದ ತಂಡ ಸಿಕ್ಕರೆ, ತೂತಿನ ವಿಧಾನದಲ್ಲಿ ಹೊಸದಾಗಿರುವ ತಂಡಕ್ಕಿಂತ ನಾನು ಅವರನ್ನೇ ಆರಿಸುತ್ತೇನೆ.

ಇನ್ನೊಂದು. ತೂತಿನಿಂದ ಶುರು ಮಾಡಿ, ರಕ್ತ ಜಾಸ್ತಿ ಹೋಗಿ ಅಥವಾ ಗಡ್ಡೆ ಅಂಟಿಕೊಂಡು, ನಡುವೆ ತೆರೆಯಬೇಕಾಗಿ ಬರಬಹುದು. ಸಹಿ ಹಾಕುವ ಕಾಗದದಲ್ಲಿ ಅದು ಇರುತ್ತದೆ. ಹಾಗೆ ತೆರೆದರೆ ಸೋತರು ಅಂತಲ್ಲ. ರೋಗಿಯ ಜೀವ ನೋಡಿ ತಗೊಂಡ ತೀರ್ಮಾನ ಅದು.

ವಿದ್ಯಾನಗರ_ಸಿಸ್ಟರ್

ನಾನು ಸರ್ಜರಿ ವಾರ್ಡಿನ ಸ್ಟಾಫ್ ನರ್ಸ್. ಡಾಕ್ಟರ್ ಆಪರೇಷನ್ ಹೇಳಿದರು, ನಾನು ಅದರ ಮುಂಚಿನ ದಿನಗಳ ಬಗ್ಗೆ ಹೇಳುತ್ತೇನೆ. ಮನೆಯವರ ಕೈಯಲ್ಲಿ ಇರೋದು ಅದೇ.

ತಂಬಾಕು, ಗುಟ್ಕಾ, ಬೀಡಿ ಏನಿದ್ದರೂ ಇವತ್ತೇ ನಿಲ್ಲಿಸಿ. ಎಲೆ ಅಡಿಕೆ ಜೊತೆಗಿನ ಚೂರು ತಂಬಾಕೂ ಸೇರಿ. ಆಪರೇಷನ್ ಹಿಂದಿನ ದಿನ ಬಿಟ್ಟರೆ ಶ್ವಾಸಕೋಶಕ್ಕೆ ಪ್ರಯೋಜನ ಇಲ್ಲ, ವಾರಗಟ್ಟಲೆ ಬೇಕು.

ಉಸಿರಿನ ವ್ಯಾಯಾಮಕ್ಕೆ ಮೂರು ಚೆಂಡಿನ ಸ್ಪೈರೋಮೀಟರ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಹತ್ತರಲ್ಲಿ ಎಂಟು ಜನ ತಪ್ಪಾಗಿ ಊದುತ್ತಾರೆ. ಊದೋದಲ್ಲ, ಎಳೆಯೋದು. ನೆಟ್ಟಗೆ ಕೂರಿಸಿ. ಮೊದಲು ಉಸಿರು ಪೂರ್ತಿ ಬಿಡಲಿ, ತುಟಿಯನ್ನು ಪೈಪಿಗೆ ಬಿಗಿಯಾಗಿ ಇಡಲಿ, ಆಮೇಲೆ ನಿಧಾನಕ್ಕೆ ಎಳೆದು ಚೆಂಡು ಮೇಲೆ ಇದ್ದ ಹಾಗೇ ಎರಡು ಮೂರು ಸೆಕೆಂಡ್ ಹಿಡಿಯಲಿ. ಎಚ್ಚರ ಇರುವಾಗ ಗಂಟೆಗೊಮ್ಮೆ ಹತ್ತು ಸಲ. ತಲೆ ತಿರುಗಿದರೆ ನಡುವೆ ನಿಲ್ಲಿಸಲಿ. ಕೀಮೋ ನಡೆಯುವಾಗಲೇ ಇದನ್ನು ರೂಢಿ ಮಾಡಿಸಿ. ಗಾಯ ಆದಮೇಲೆ ಹೊಸದಾಗಿ ಕಲಿಸೋದು ತುಂಬಾ ಕಷ್ಟ. ದಿನಾ ಎರಡು ಹೊತ್ತು ಹಲ್ಲುಜ್ಜಿಸಿ. ಬಾಯಿಯ ಕೊಳೆ ಉಸಿರಿನ ಜೊತೆ ಕೆಳಗೆ ಇಳಿದರೂ ನ್ಯುಮೋನಿಯಾ ಆಗುತ್ತದೆ.

ಊಟ ಇಳಿಯದಿದ್ದರೆ ಉಪವಾಸ ಬೀಳಿಸಬೇಡಿ. ಮೂಗಿನಿಂದ ತೆಳ್ಳನೆಯ ಪೈಪು ಹಾಕಿಸಿ ಆಹಾರ ಕೊಡಿ. ಪೈಪು ಹಾಕಿದರೆ ಕೊನೆಗಾಲ ಬಂತು ಅಂತ ನಮ್ಮ ಜನ ಹೆದರುತ್ತಾರೆ. ಅದು ಆಪರೇಷನ್ ತಡೆಯುವ ಶಕ್ತಿ ಬರಲಿ ಅಂತ ಹಾಕೋದು.

ಕೈಮುಗಿದು ಕೇಳುವ ಮಾತು ಒಂದಿದೆ. ಆಪರೇಷನ್ ಆದಮೇಲೆ ಡಾಕ್ಟರ್ ಹೇಳುವವರೆಗೂ ಬಾಯಿಗೆ ಹನಿ ನೀರೂ ಹಾಕಬೇಡಿ. ನೋಡಲು ಬಂದವರು ಬಾಯಿ ಒಣಗಿದೆ ಪಾಪ ಅಂತ ಎಳನೀರು ಕುಡಿಸಿದ್ದನ್ನು ಕಂಡಿದ್ದೇನೆ. ಹೊಸ ಜೋಡಣೆ ಇನ್ನೂ ಕೂಡಿರುವುದಿಲ್ಲ. ಹತ್ತಿಯಿಂದ ತುಟಿ ಒದ್ದೆ ಮಾಡಿದರೆ ಸಾಕು.

ಲಕ್ಷ್ಮೇಶ್ವರ_ಟೀಚರ್

ನನಗೂ ಲ್ಯಾಪ್ರೋಸ್ಕೋಪಿ ಆಗಿದೆ, ಆದರೆ ಗಡ್ಡೆ ಬೇರೆ ಜಾತಿಯದು. ಮಲ ಕಪ್ಪಾಗಿ ಹೋಗುತ್ತಿತ್ತು, ರಕ್ತ ಕಡಿಮೆ ಅಂತ ಕಬ್ಬಿಣದ ಗುಳಿಗೆ ನುಂಗುತ್ತಿದ್ದೆ. ಎಂಡೋಸ್ಕೋಪಿಯಲ್ಲಿ ಜಠರದ ಗೋಡೆಯಲ್ಲಿ ಜಿಸ್ಟ್ ಅನ್ನುವ ಗಡ್ಡೆ ಸಿಕ್ಕಿತು. ಅದು ಸಾಮಾನ್ಯವಾಗಿ ಲಿಂಫ್ ಗಂಟಿಗೆ ಹರಡುವುದಿಲ್ಲವಂತೆ. ಹಾಗಾಗಿ ಜಠರದ ಅಷ್ಟು ಭಾಗ ಮಾತ್ರ ತೆಗೆದು ಹೊಲಿದರು. ಗಡ್ಡೆ ಒಡೆಯಬಾರದು ಅಂತ ಒಳಗೇ ಚೀಲದಲ್ಲಿ ಹಾಕಿ ತೆಗೆದರು. ವಾರದೊಳಗೆ ಮನೆಗೆ ಬಂದೆ. ಈಗ ಗಡ್ಡೆ ಮರಳದಿರಲಿ ಅಂತ ಇಮಾಟಿನಿಬ್ ಗುಳಿಗೆ ನಡೆಯುತ್ತಿದೆ.

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಓಣಿಯಲ್ಲಿ ಎಲ್ಲರೂ ಟೀಚರ್‌ಗೆ ವಾರದಲ್ಲಿ ಗುಣ ಆಯಿತು ಅಂತ ನನ್ನ ಉದಾಹರಣೆ ಕೊಡುತ್ತಾರೆ. ನಿಮ್ಮ ತಂದೆಗೆ ಅದೇ ಆಗಲಿ ಅಂತ ಬಯಸುತ್ತೇನೆ, ಆದರೆ ಅದೇ ಲೆಕ್ಕ ಹಿಡಿಯಬೇಡಿ. ಗಡ್ಡೆ ಎಲ್ಲಿದೆ, ಯಾವ ಜಾತಿ, ಎಷ್ಟು ಆಳ ಅನ್ನುವುದರ ಮೇಲೆ ಎಲ್ಲ ಬದಲಾಗುತ್ತದೆ.

ಹುಬ್ಬಳ್ಳಿ_ಹುಡುಗ

ರೋಬೋಟ್ ಆಪರೇಷನ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಅದೇ ಎಲ್ಲಕ್ಕಿಂತ ಬೆಸ್ಟ್ ಅಂತ ಎಲ್ಲಾ ಕಡೆ ಬೋರ್ಡ್ ನೋಡುತ್ತೇನೆ. ಸಾಲ ಮಾಡಿಯಾದರೂ ಅದನ್ನೇ ಮಾಡಿಸೋದು ಒಳ್ಳೆಯದಲ್ವಾ? ಮತ್ತೆ ಜಪಾನಿನಲ್ಲಿ ಕೊಯ್ಯದೇ ಬಾಯಿಂದಲೇ ಗಡ್ಡೆ ತೆಗೆಯುತ್ತಾರಂತೆ, ನಿಜಾನಾ?

ಧಾರವಾಡ_ಸರ್ಜನ್

ರೋಬೋಟ್ ತಾನಾಗಿ ಆಪರೇಷನ್ ಮಾಡುವುದಿಲ್ಲ. ಸರ್ಜನ್ ಪಕ್ಕದ ಯಂತ್ರದಲ್ಲಿ ಕೂತು ಅದರ ಕೈಗಳನ್ನು ನಡೆಸುತ್ತಾರೆ. ಮಣಿಕಟ್ಟಿನ ಹಾಗೆ ತಿರುಗುವ ಉಪಕರಣ, ಆಳ ತೋರಿಸುವ ಚಿತ್ರ, ಅದರ ಅನುಕೂಲ ನಿಜ. ನೆದರ್ಲೆಂಡ್ಸ್‌ನ 2019ರ ಅಧ್ಯಯನದಲ್ಲಿ ತೊಂದರೆಗಳು ರೋಬೋಟ್‌ನಲ್ಲಿ 59%, ತೆರೆದದ್ದರಲ್ಲಿ 80% ಬಂದವು. ಆದರೆ ಅಲ್ಲಿ ಹೋಲಿಸಿದ್ದು ಎದೆ ತೆರೆಯುವ ವಿಧಾನದ ಜೊತೆ. ಸಾಮಾನ್ಯ ತೂತಿನ ವಿಧಾನದ ಜೊತೆ ಅಲ್ಲ. ರೋಬೋಟ್‌ಗಾಗಿಯೇ ಹೊಲ ಒತ್ತೆ ಇಡಿ ಅಂತ ನಾನು ಯಾರಿಗೂ ಹೇಳಲಾರೆ.

ಬಾಯಿಂದ ತೆಗೆಯೋದು ನಿಜ. ಎಂಡೋಸ್ಕೋಪಿಯಿಂದಲೇ ಒಳಪದರವನ್ನು ಸುಲಿದು ತೆಗೆಯುತ್ತಾರೆ, ಇಎಸ್‌ಡಿ ಅನ್ನುತ್ತಾರೆ. ಗಡ್ಡೆ ಮೇಲಿನ ಪದರದಲ್ಲೇ ಇದ್ದರೆ ಮಾತ್ರ. ಊಟ ನಿಲ್ಲುವ ಹಂತಕ್ಕೆ ಬಂದ ಗಡ್ಡೆಗೆ ಅದು ಆಗುವುದಿಲ್ಲ. ಓದುತ್ತಿರುವ ಎಲ್ಲರಿಗೂ ಹೇಳುತ್ತೇನೆ, ಮನೆಯ ಹಿರಿಯರು ಊಟ ನಿಲ್ಲುತ್ತದೆ ಅಂದರೆ ಗ್ಯಾಸ್ ಗುಳಿಗೆಯಲ್ಲಿ ತಿಂಗಳು ಕಳೆಯಬೇಡಿ. ಎಂಡೋಸ್ಕೋಪಿ ಕೆಲವೇ ನಿಮಿಷದ ಕೆಲಸ.

ನವಲಗುಂದ_ಅಣ್ಣ

ದುಡ್ಡಿನ ವಿಷಯ ನಾನು ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ಗದಗಿನ ಜಿಮ್ಸ್ ಅಥವಾ ಹುಬ್ಬಳ್ಳಿ ಕಿಮ್ಸ್‌ನಲ್ಲಿ ವಿಚಾರಿಸಿ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಮೊದಲು ಅವರನ್ನು ಕಾಣಿ. ಮಂಜೂರಾತಿ ಬಂದಮೇಲೆ ಭರ್ತಿ ಆಗಿ, ಕೈಯಿಂದ ಕಟ್ಟಿದ ದುಡ್ಡು ಆಮೇಲೆ ತಿರುಗಿ ಬರೋದು ಕಷ್ಟ.

ಬೆಂಗಳೂರಿನ ಕಿದ್ವಾಯಿಗೋ ಮುಂಬೈನ ಟಾಟಾ ಆಸ್ಪತ್ರೆಗೋ ಹೋಗಬೇಕಾಗಿ ಬಂದರೆ ರೈಲಿನಲ್ಲಿ ರಿಯಾಯಿತಿ ಇದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ 75%. ಆಸ್ಪತ್ರೆಯವರಿಂದ ಫಾರಂ ತುಂಬಿಸಿ ಸ್ಟೇಷನ್ ಕೌಂಟರಿನಲ್ಲಿ ಕೊಡಬೇಕು.

ಮುಂಡರಗಿ_ಮಗ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ತಿಳಿಯುತ್ತಿಲ್ಲ. ದೊಡ್ಡಪ್ಪನಿಗೆ ಎಲ್ಲ ಓದಿ ಹೇಳಿದೆ. ಕಾಕಾ ಕೇಳಿದ ಪ್ರಶ್ನೆಗೆ ಉತ್ತರ ಬಂದಾಗ ಅವರು ಸಮಾಧಾನ ಆದರು. ಜಾಸ್ತಿ ಅನುಭವ ಇರುವ ತಂಡವನ್ನೇ ಹಿಡಿಯೋಣ, ಅವರು ಯಾವ ವಿಧಾನ ಹೇಳುತ್ತಾರೋ ಅದು ಅಂತ ನಿರ್ಧಾರ ಮಾಡಿದ್ದೇವೆ. ಡಾಕ್ಟರೇ, ಒಂದು ಅನುಮಾನ. ಅಪ್ಪ ಈಗಲೇ ಕೇಳುತ್ತಿದ್ದಾರೆ. ಕೀಮೋ, ಕರೆಂಟ್ ಆದಮೇಲೆ ಊಟ ಸರಿಯಾಗಿ ಇಳಿದರೆ ಆಪರೇಷನ್ ಬಿಡಬಹುದಾ ಅಂತ.

ಧಾರವಾಡ_ಸರ್ಜನ್

ಬಹಳ ಜನ ಇಲ್ಲೇ ಎಡವುತ್ತಾರೆ. ಊಟ ಇಳಿಯಿತು ಅಂದರೆ ಗಡ್ಡೆ ಕುಗ್ಗಿದೆ ಅಂತ, ಹೋಗಿದೆ ಅಂತಲ್ಲ. ವಾರಕ್ಕೊಮ್ಮೆ ಕೀಮೋ, ಜೊತೆಗೆ 23 ಸಲ ಕರೆಂಟ್ ಕೊಡುವ ಕ್ರಾಸ್ ಅನ್ನುವ ಕ್ರಮ 2012ರಿಂದ ಹೆಸರಾಗಿದೆ. ಅದರಲ್ಲಿ ನಿಮ್ಮ ತಂದೆಯವರ ಜಾತಿಯ ಗಡ್ಡೆ ಇದ್ದವರ ಪೈಕಿ 49% ಜನರಲ್ಲಿ ಆಪರೇಷನ್ ಮಾಡಿ ತೆಗೆದ ತುಂಡಿನಲ್ಲಿ ಕ್ಯಾನ್ಸರ್ ಕಣವೇ ಉಳಿದಿರಲಿಲ್ಲ. ಉಳಿದವರಲ್ಲಿ ಇತ್ತು. ಯಾರು ಯಾವ ಗುಂಪು ಅಂತ ಹೊರಗಿನಿಂದ ಹೇಳೋದು ಸುಲಭವಲ್ಲ.

ಪೂರ್ತಿ ಹೋದಂತೆ ಕಂಡವರನ್ನು ಆಪರೇಷನ್ ಮಾಡದೆ ಕಾಯುವ ಪದ್ಧತಿಯನ್ನು ನೆದರ್ಲೆಂಡ್ಸ್‌ನಲ್ಲಿ ಪರೀಕ್ಷಿಸಿದ್ದಾರೆ. ಎರಡು ವರ್ಷದ ಫಲಿತಾಂಶ ಒಳ್ಳೆಯದೇ ಬಂದಿದೆ. ಆದರೆ ಅಲ್ಲಿ ಮೇಲಿಂದ ಮೇಲೆ ಎಂಡೋಸ್ಕೋಪಿ, ಆಳದ ಬಯಾಪ್ಸಿ, ಪೆಟ್ ಸ್ಕ್ಯಾನ್ ಇರುತ್ತದೆ, ಮರುಕಳಿಸಿದರೆ ತಕ್ಷಣ ಆಪರೇಷನ್. ಊರಿಗೆ ಹೋಗಿ ಸುಮ್ಮನಿರೋದು ಆ ಪದ್ಧತಿ ಅಲ್ಲ. ತಂದೆಯವರ ಆಸೆಯನ್ನು ನಿಮ್ಮ ಡಾಕ್ಟರ್ ಮುಂದೆ ಬಾಯಿ ಬಿಟ್ಟು ಹೇಳಿ. ಕರೆಂಟ್ ಮುಗಿದ ಆರರಿಂದ ಎಂಟು ವಾರಕ್ಕೆ ಮರು ತಪಾಸಣೆ ತಪ್ಪಿಸಬೇಡಿ.

ರಾಣೆಬೆನ್ನೂರು_ಅಕ್ಕ

ತಮ್ಮಾ, ಮನೆಗೆ ಬಂದಮೇಲಿನ ಊಟದ ಬಗ್ಗೆ ಹೇಳುತ್ತೇನೆ, ನೆನಪಿಟ್ಟುಕೋ. ಮೂರು ಹೊತ್ತಿನ ತಾಟಿನ ಊಟ ಮರೆತುಬಿಡಬೇಕು. ನಮ್ಮವರಿಗೆ ಚಿಕ್ಕ ಬಟ್ಟಲಿನಲ್ಲಿ ಎರಡು ತಾಸಿಗೊಮ್ಮೆ ಕೊಡುತ್ತಿದ್ದೆ. ಮೊದಲು ತಿಳಿ ಗಂಜಿ, ಹೆಸರುಬೇಳೆ ಕಟ್ಟು. ಆಮೇಲೆ ನುಚ್ಚು ಮಜ್ಜಿಗೆ, ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆ. ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕಿವುಚಿ ಕೊಡಲು ಬಹಳ ದಿನ ಹಿಡಿಯಿತು. ಊಟದ ನಡುವೆ ನೀರು ಕುಡಿಸುತ್ತಿರಲಿಲ್ಲ, ಅರ್ಧ ತಾಸು ಬಿಟ್ಟು ಕುಡಿಯಬೇಕು. ಸಿಹಿ ಜಾಸ್ತಿ ತಿಂದರೆ ಎದೆ ಡವಡವ, ಬೆವರು, ಆಮೇಲೆ ಭೇದಿ. ಒಂದು ಮದುವೆಯಲ್ಲಿ ಹೋಳಿಗೆ ತಿಂದು ಹಾಗಾಯಿತು.

ಮಲಗುವಾಗ ತಲೆಕಡೆ ಎತ್ತರ ಇರಲೇಬೇಕು. ಬರೀ ದಿಂಬು ಸಾಲದು, ಮಂಚದ ತಲೆಕಡೆಯ ಕಾಲಿಗೆ ಇಟ್ಟಿಗೆ ಇಟ್ಟಿದ್ದೇವೆ. ಕೆಳಗಿನ ರಸ ಮೇಲೆ ಬರದಂತೆ ತಡೆಯುವ ಬಾಗಿಲೇ ಈಗ ಇಲ್ಲವಲ್ಲ. ರಾತ್ರಿ ಊಟ ಏಳೂವರೆಗೆ ಮುಗಿಸಿ ಅಂಗಳದಲ್ಲಿ ಅಡ್ಡಾಡಿ ಬರುತ್ತಾರೆ.

ಮುಂಡರಗಿ_ಮಗ

ಬರೆದುಕೊಂಡೆ ಅಕ್ಕಾ. ಸಿಸ್ಟರ್, ಕೊನೆಯದಾಗಿ ಒಂದು. ಆಪರೇಷನ್ ವೇಳೆ ಕರುಳಿಗೆ ಪೈಪು ಹಾಕಿ ಮನೆಗೆ ಕಳಿಸುತ್ತಾರಂತೆ. ಅದನ್ನು ಹಳ್ಳಿಯಲ್ಲಿ ನಾವು ನಿಭಾಯಿಸಬಹುದಾ?

ವಿದ್ಯಾನಗರ_ಸಿಸ್ಟರ್

ಖಂಡಿತ ನಿಭಾಯಿಸಬಹುದು. ಡಿಸ್ಚಾರ್ಜ್ ಮುಂಚೆ ನೀವೇ ಕೈಯಾರೆ ಮಾಡಿ ತೋರಿಸಿ, ಅಲ್ಲಿಯವರೆಗೂ ಮನೆಗೆ ಹೊರಡಬೇಡಿ. ಆಹಾರ ಹಾಕುವ ಮುಂಚೆ ಮತ್ತು ಆದಮೇಲೆ ಸಿರಿಂಜಿನಿಂದ ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರು ಬಿಡಿ, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಆಹಾರ ಬಟ್ಟೆಯಲ್ಲಿ ಸೋಸಿದ್ದಾಗಿರಬೇಕು, ನಿಧಾನಕ್ಕೆ ಹೋಗಬೇಕು. ಜೋರಾಗಿ ತಳ್ಳಿದರೆ ಹೊಟ್ಟೆ ಉಬ್ಬಿ ಭೇದಿ ಆಗುತ್ತದೆ. ಯಾವ ಗುಳಿಗೆ ಪುಡಿ ಮಾಡಬಹುದು ಅಂತ ಕೇಳಿ ತಿಳಿದುಕೊಳ್ಳಿ, ಎಲ್ಲವನ್ನೂ ಪುಡಿ ಮಾಡುವ ಹಾಗಿಲ್ಲ. ಕಟ್ಟಿಕೊಂಡರೆ ಕಡ್ಡಿ, ತಂತಿ ಹಾಕಬೇಡಿ. ಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪ ಬಿಟ್ಟು ಎಳೆದು ನೋಡಿ, ಬಿಡದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ.

ಪೈಪು ಕಿತ್ತು ಬಂದರೆ ನಾಳೆ ಹೋಗೋಣ ಅಂತ ಕೂರಬೇಡಿ. ಆ ತೂತು ಬೇಗ ಮುಚ್ಚಿಕೊಳ್ಳುತ್ತದೆ. ಬಂದ ಪೈಪನ್ನು ಸ್ವಚ್ಛ ಕವರಿನಲ್ಲಿ ಹಾಕಿಕೊಂಡು ಅದೇ ದಿನ ಹುಬ್ಬಳ್ಳಿ ಬಸ್ ಹತ್ತಿ. ಪೈಪಿನ ಅಳತೆ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ, ರಾತ್ರಿ ಡ್ಯೂಟಿಯವರಿಗೆ ಅದು ಬೇಕಾಗುತ್ತದೆ.